ತಲೆಕೆಳಗಾಗಿ ಇಟ್ಟ ಆಕಾಶ

ಇಸವಿ ೨೧೯೭, ಫೆಬ್ರವರಿ ಮೂವತ್ತು

ಪೂಜ್ಯ ಅಜ್ಜಿಯವರಿಗೆ, ಮೊಮ್ಮಗಳ ಮೊಮ್ಮಗಳು ಗಿರಿಜೆ ಮಾಡುವ ನಮಸ್ಕಾರಗಳು.

ಮೊದಲು ತಾರೀಖಿಗೆ ಕ್ಷಮೆ ಕೇಳುತ್ತೇನೆ. ನಿಮ್ಮ ಕಾಲದ ಫೆಬ್ರವರಿಗೆ ಮೂವತ್ತನೆಯ ದಿನವೇ ಇರಲಿಲ್ಲವಂತೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಉಳಿಯುವ ದಿನಗಳು ಯಾವ ತಿಂಗಳಿಗೂ ಸೇರುವುದಿಲ್ಲ. ಅವಕ್ಕೆ ಬಿಡುದಿನಗಳು ಎನ್ನುತ್ತೇವೆ, ಆಗ ಯಾರೂ ಕೆಲಸ ಮಾಡುವುದಿಲ್ಲ. ಎರಡನೆಯ ಕ್ಷಮೆ ನನ್ನ ಕನ್ನಡಕ್ಕೆ. ಇದು ನಿಮ್ಮಿಂದ ಹೊರಟು, ಮೂರು ಹೆಂಗಸರ ಬಾಯಿ ದಾಟಿ, ಕನ್ನಡದವರೇ ಇಲ್ಲದ ಒಂದು ಬೆಟ್ಟದ ಮೇಲೆ ನನಗೆ ಬಂದ ಭಾಷೆ. ಬರೆಯಲು ಕಲಿತದ್ದು ನೀವು ಗದಗಿನಿಂದ ತಂದ ಪುಸ್ತಕಗಳಿಂದ. ಕೆಲವು ಪದಗಳನ್ನು ನಾವೇ ಕಟ್ಟಿಕೊಂಡಿದ್ದೇವೆ, ಅವು ಬಂದಾಗ ಬಿಡಿಸಿ ಹೇಳುತ್ತೇನೆ. ಮೂರನೆಯದು ನಿಮ್ಮನ್ನು ಅಜ್ಜಿ ಎಂದು ಕರೆಯುತ್ತಿರುವುದಕ್ಕೆ. ಇದನ್ನು ಓದುವಾಗ ನಿಮಗೆ ಇಪ್ಪತ್ತಾರು ವರ್ಷ, ನನಗೆ ಅರವತ್ತೆರಡು. ಮಂಡಿ ನೋವು ನನ್ನದು, ಅಜ್ಜಿ ಎನ್ನಿಸಿಕೊಳ್ಳುವ ಭಾಗ್ಯ ನಿಮ್ಮದು. ಏನು ಮಾಡುವುದು, ನಂಟು ಹಾಗಿದೆ.

ನೀವು ಸಂಪದಾ ಹೂಗಾರ. ಇನ್ನು ಕೆಲವು ವಾರಗಳಲ್ಲಿ ಫ್ರಾನ್ಸಿನ ದಕ್ಷಿಣದ ಸುಣ್ಣಕಲ್ಲಿನ ಬೆಟ್ಟದ ಮೇಲಿರುವ ಖಗೋಳ ಸಂಸ್ಥೆಗೆ ನಕ್ಷತ್ರಗಳ ಚಲನೆಯನ್ನು ಅಭ್ಯಾಸ ಮಾಡಲು ಹೊರಡುವವರಿದ್ದೀರಿ. ನಾನು ಅದೇ ಸಂಸ್ಥೆಯಲ್ಲಿ ಅಳೆಯುವ ಕೆಲಸದವಳು. ಇಲ್ಲಿಯವರಿಗೆ ನಾನು ಸೊಲಾಂಜ್, ಮನೆಯೊಳಗೆ ಗಿರಿಜೆ. ನೀವು ಓದುತ್ತಿರುವ ಈ ಕಾಗದಕ್ಕೆ ನಮ್ಮಲ್ಲಿ ಹಿಂದೋಲೆ ಎಂದು ಹೆಸರು, ಹಿಂದಕ್ಕೆ ಬರೆಯುವ ಓಲೆ ಎಂದರ್ಥ. ಒಬ್ಬರಿಗೆ ಜೀವಮಾನಕ್ಕೆ ಒಂದೇ ಹಿಂದೋಲೆ, ಅದೂ ಸ್ವಂತ ರಕ್ತದವರಿಗೆ ಮಾತ್ರ. ಭೌತಶಾಸ್ತ್ರದ ಕೋಣೆಯವರು ಅದನ್ನು ಹೇಗೆ ಕಳಿಸುತ್ತಾರೋ ನನಗೆ ತಿಳಿಯದು. ನಿಮ್ಮ ಪರದೆಯ ಮೇಲೆ ಮೂಡುತ್ತದೋ, ಯಾವುದೋ ಪುಸ್ತಕದ ಹಾಳೆಯ ಮೇಲೋ, ಅದನ್ನೂ ಅವರು ಹೇಳಲಾರರು. ತಲುಪಿತೆಂದು ಉತ್ತರ ಬಂದದ್ದನ್ನು ಈವರೆಗೆ ಯಾರೂ ಕಂಡಿಲ್ಲ. ಹೆಚ್ಚಿನವರು ಸತ್ತ ತಾಯಿಗೆ ನಾಲ್ಕು ಪ್ರೀತಿಯ ಮಾತು ಬರೆದು ಸಮಾಧಾನಪಟ್ಟುಕೊಳ್ಳುತ್ತಾರೆ. ನಾನೂ ಹಾಗೇ ಮಾಡಬೇಕೆಂದಿದ್ದೆ.

ಸುತ್ತಿ ಬಳಸದೆ ಹೇಳುತ್ತೇನೆ. ನನಗೆ ಹೆದರಿಕೆಯಾಗಿದೆ. ನನ್ನ ಮಗಳು ತುಂಗಾ ಆರು ತಿಂಗಳ ಬಸುರಿ. ನಾನು ಬಾಯಿ ಬಿಟ್ಟು ಹೇಳದಿದ್ದರೂ ಅವಳು ನನ್ನ ಮುಖ ನೋಡಿ ಅರ್ಧ ತಿಳಿದುಕೊಂಡಿದ್ದಾಳೆ. ಹೋದ ವಾರ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, "ಯವ್ವಾ, ಖರೇ ಹೇಳು, ಈ ಕೂಸು ಎಷ್ಟ್ ದೊಡ್ಡದಾಗತೈತಿ?" ಎಂದು ಕೇಳಿದಳು. ನಾನು ರೊಟ್ಟಿ ಸೀಯುತ್ತದೆ ನೋಡು ಎಂದು ಮಾತು ಮರೆಸಿದೆ. ಅವಳಿಗೆ ಕೊಡಬೇಕಾದ ಉತ್ತರ ನನ್ನ ಬಳಿ ಇಲ್ಲ. ಅದು ಸಿಗುವುದಿದ್ದರೆ ನಿಮ್ಮಿಂದಲೇ ಸಿಗಬೇಕು. ಯಾಕೆಂದು ಹೇಳಲು ಸ್ವಲ್ಪ ಹಿಂದಿನಿಂದ ಬರಬೇಕು, ದಯವಿಟ್ಟು ಬೇಸರಿಸದೆ ಓದಿ.

ಸಂಸ್ಥೆಯ ಚರಿತ್ರೆಯ ಪುಸ್ತಿಕೆಯೊಂದನ್ನು ಅವರು ನಿಮಗೆ ಕಳಿಸಿರಬಹುದು. ಅದರಲ್ಲಿ ಇಲ್ಲದ್ದನ್ನು ನಾನು ಹೇಳುತ್ತೇನೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ಹೊರವಲಯದಲ್ಲಿ ಒಬ್ಬ ಬೀಜದ ವ್ಯಾಪಾರಿ ಬಿಟ್ಟುಕೊಟ್ಟ ತೋಟದಲ್ಲಿ ಇದು ಶುರುವಾಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿನ ಹೊಗೆಗೂ ಬೀದಿದೀಪಗಳಿಗೂ ಆಕಾಶ ಕಾಣದಂತಾಗಿ, ದೊಡ್ಡ ಮಸೂರವನ್ನು ರಜಾಯಿಗಳಲ್ಲಿ ಸುತ್ತಿ, ಎತ್ತಿನ ಗಾಡಿಯಲ್ಲಿ ಈ ಬೆಟ್ಟಕ್ಕೆ ತಂದರು. ಆಕಾಶವನ್ನು ಚೌಕ ಚೌಕವಾಗಿ ಗಾಜಿನ ಫಲಕಗಳ ಮೇಲೆ ಹಿಡಿದು, ಒಂದೊಂದು ಚುಕ್ಕೆಯ ಜಾಗವನ್ನೂ ಅಳೆಯುವುದು ಅವರ ಕೆಲಸ. ಅಳೆಯಲು ಸುತ್ತಲಿನ ಹಳ್ಳಿಗಳಿಂದ ಲೇಸು ಹೆಣೆಯುವ ಮನೆಗಳ ಹುಡುಗಿಯರನ್ನು ಕರೆದರು. ಅವರ ಕಣ್ಣು ನವಿರು ಕೆಲಸಕ್ಕೆ ಪಳಗಿತ್ತು. ಒಂದೇ ಫಲಕವನ್ನು ಇಬ್ಬರು ಅಳೆಯಬೇಕು. ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು, ಅಳತೆ ಮುಗಿಯುವವರೆಗೆ ಒಬ್ಬರೊಡನೊಬ್ಬರು ಮಾತಾಡಬಾರದು. ಆ ಪದ್ಧತಿ ಇಂದಿಗೂ ಇದೆ. ನನ್ನ ಬೆನ್ನ ಹಿಂದೆ ಇಪ್ಪತ್ತು ವರ್ಷ ಕೂತ ಹೆಂಗಸಿನ ಮುಖಕ್ಕಿಂತ ಅವಳ ಕೆಮ್ಮು ನನಗೆ ಹೆಚ್ಚು ಪರಿಚಯ.

ಬಾಗಿಲ ಮೇಲಿನ ಕಲ್ಲಿನಲ್ಲಿ ಆ ಮೊದಲಿನವರು ಒಂದು ವಾಕ್ಯ ಕೆತ್ತಿಸಿದ್ದಾರೆ. ಸೇರುವ ದಿನವೇ ನೀವು ಅದನ್ನು ನೋಡುತ್ತೀರಿ. ಕನ್ನಡದಲ್ಲಿ ಹೇಳುವುದಾದರೆ, ಆಕಾಶ ತಪ್ಪುವುದಿಲ್ಲ, ತಪ್ಪುವುದು ನೋಡುವವರ ಕಣ್ಣು ಎಂದು. ಅದರ ಕೆಳಗೆ ನಿಂತು ನೀವು ಫೋಟೋ ತೆಗೆಸಿಕೊಳ್ಳುತ್ತೀರಿ. ಆ ಫೋಟೋ ನಮ್ಮ ಮನೆಯಲ್ಲಿತ್ತು. ವಿನಯದ ಮಾತು ಎಂದು ನಾವೆಲ್ಲ ಅದಕ್ಕೆ ತಲೆಬಾಗಿಯೇ ಬೆಳೆದೆವು. ಇವತ್ತು ಆ ಬಾಗಿಲು ದಾಟುವಾಗ ನನಗೆ ಮೇಲೆ ನೋಡಲು ಆಗುವುದಿಲ್ಲ.

ನಿಮ್ಮ ಕಾಲದಲ್ಲಿ ಎಲ್ಲವನ್ನೂ ಯಂತ್ರಗಳು ಅಳೆಯುತ್ತವೆ, ಗಾಜಿನ ಫಲಕಗಳು ನೆಲಮಾಳಿಗೆಯ ಕಪಾಟುಗಳಲ್ಲಿ ಧೂಳು ತಿನ್ನುತ್ತಿವೆ. ಆಮೇಲೆ ಆದದ್ದರಲ್ಲಿ ಕೆಲವನ್ನು ನೀವೇ ಕಾಣುವಿರಿ, ಈಗಲೇ ಹೇಳಿ ಹೆದರಿಸುವುದಿಲ್ಲ. ಆಕಾಶಕ್ಕೆ ಕಳಿಸಿದ್ದ ಉಪಗ್ರಹಗಳು ಒಂದಕ್ಕೊಂದು ಬಡಿದು ಚೂರಾದವು ಎಂಬಷ್ಟು ಸಾಕು. ಆ ಚೂರುಗಳು ಇಂದಿಗೂ ಸಂಜೆಯ ಹೊತ್ತು ಗೆರೆ ಗೆರೆಯಾಗಿ ಉರಿದು ಬೀಳುತ್ತವೆ, ಅದಕ್ಕೆ ಚೂರುಮಳೆ ಎನ್ನುತ್ತೇವೆ. ಅದರ ನಡುವೆ ಏನನ್ನೂ ಮೇಲೆ ಕಳಿಸಲು ಬರುವುದಿಲ್ಲ. ಆನಂತರ ಯಂತ್ರಗಳ ನೆನಪೆಲ್ಲ ಅಳಿಸಿಹೋದ ವರ್ಷಗಳು ಬಂದವು. ಒಂದು ಬೇಸಿಗೆಯಲ್ಲಿ ಕಾಡ್ಗಿಚ್ಚು ಬೆಟ್ಟ ಹತ್ತಿ ಬಂದು ನೆಲಮಾಳಿಗೆಗೆ ಇಳಿಯಿತು. ನಿಮ್ಮ ಕಾಲದ ಆ ಗಾಜುಗಳೆಲ್ಲ ಕರಗಿ ಒಂದು ಹಸಿರು ಗಡ್ಡೆಯಾದವು. ಗಡ್ಡೆ ಈಗಲೂ ಅಂಗಳದಲ್ಲಿದೆ, ಮಕ್ಕಳು ಅದರ ಮೇಲಿನಿಂದ ಜಾರಿ ಆಡುತ್ತಾರೆ.

ಸಂಸ್ಥೆ ಮತ್ತೆ ಮೊದಲಿನಿಂದ ಶುರುವಾಯಿತು. ಉಳಿದದ್ದು ಒಂದು ದೂರದರ್ಶಕ, ಕೆಲವು ಅಳತೆಯ ಸಾಧನಗಳು ಮತ್ತು ಕಣ್ಣುಗಳು. ನಮ್ಮ ಬದುಕು ನಿಮಗೆ ವಿಚಿತ್ರವೆನಿಸೀತು, ಆದರೆ ಸುಖವಿಲ್ಲದೆ ಇಲ್ಲ. ಕುಡಿಯುವ ನೀರು ಮಂಜುಬಲೆಯಿಂದ ಬರುತ್ತದೆ. ಬೆಳಗಿನ ಮಂಜು ಹಾಯುವ ಕಡೆ ಬಲೆ ಕಟ್ಟಿ, ಅದರಿಂದ ತೊಟ್ಟಿಕ್ಕುವುದನ್ನು ಕೊಡಗಳಿಗೆ ಹಿಡಿಯುತ್ತೇವೆ. ಗೋಧಿ ಈ ಸೀಮೆಯನ್ನು ಬಿಟ್ಟು ಹೋಗಿ ಎಷ್ಟೋ ಕಾಲವಾಯಿತು. ಕೇಳಿದರೆ ನೀವು ನಗುತ್ತೀರಿ, ಈಗ ಇಲ್ಲಿ ಬೆಳೆಯುವುದು ಬಿಳಿಜೋಳ. ಫ್ರಾನ್ಸಿನವರು ರೊಟ್ಟಿ ಬಡಿಯುತ್ತಾರೆ, ಅದಕ್ಕೆ ತಮ್ಮದೇ ಹೆಸರಿಟ್ಟು ತಮ್ಮ ಮುತ್ತಜ್ಜನ ಕಾಲದ ಅಡುಗೆ ಎನ್ನುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ, ಆದರೆ ಅವರ ರೊಟ್ಟಿಯ ಅಂಚು ಯಾವತ್ತೂ ಒಡೆದೇ ಇರುತ್ತದೆ. ಹಗಲು ಹೊತ್ತು ಕನ್ನಡಿಯಿಂದ ಬಿಸಿಲನ್ನು ಒಳಗೆ ತಿರುಗಿಸಿಕೊಂಡು ಫಲಕಗಳನ್ನು ಅಳೆಯುತ್ತೇವೆ. ಗಾಜು ಮಾಡುವವರು ಈಗ ಇಲ್ಲ. ಅದಕ್ಕೇ ಅಳತೆ ಮುಗಿದ ಫಲಕವನ್ನು ಸೋಡಾ ನೀರಿನಲ್ಲಿ ಅದ್ದಿ ತೊಳೆದು, ಹೊಸ ಲೇಪ ಬಳಿದು, ಮತ್ತೆ ಆಕಾಶಕ್ಕೆ ಹಿಡಿಯುತ್ತೇವೆ. ಗಾಜು ತೊಳೆಯುವ ದಿನವೆಂದರೆ ಇಲ್ಲಿ ಹಬ್ಬ, ಎಲ್ಲರೂ ಮೊಣಕೈಯವರೆಗೆ ತೋಳು ಮಡಚಿ ಹಾಡುತ್ತಾ ತೊಳೆಯುತ್ತಾರೆ. ಎಷ್ಟು ಆಕಾಶಗಳನ್ನು ನಾನೇ ಹೀಗೆ ಹಾಡುತ್ತಾ ತೊಳೆದಿದ್ದೇನೋ, ಲೆಕ್ಕವಿಲ್ಲ.

ಈಗ ಮುಖ್ಯವಾದ ಪದ, ಕಣ್ವಾಲು. ಪ್ರತಿಯೊಬ್ಬರ ಕಣ್ಣೂ ಸ್ವಲ್ಪ ವಾಲುತ್ತದೆ. ಒಬ್ಬರು ಚುಕ್ಕೆಯನ್ನು ಎಳೆಯಷ್ಟು ಎಡಕ್ಕೆ ಕಂಡರೆ ಇನ್ನೊಬ್ಬರು ಬಲಕ್ಕೆ. ಈ ದೋಷಕ್ಕೆ ಕಣ್ವಾಲು ಎನ್ನುತ್ತೇವೆ. ಅದನ್ನು ತಿಳಿಯಲು ವರ್ಷಕ್ಕೊಮ್ಮೆ ಪರೀಕ್ಷೆ. ಬಹಳ ಹಿಂದೆ ಸಂಸ್ಥೆಯವರು ಆಕಾಶದಲ್ಲಿ ಒಂದು ಶಾಂತವಾದ ತುಣುಕನ್ನು ಆರಿಸಿ, ಅದನ್ನೇ ಅಳತೆಗೋಲು ಎಂದು ಗೊತ್ತುಮಾಡಿದರು. ಅಲ್ಲಿನ ಕೆಲವು ನಕ್ಷತ್ರಗಳ ಜಾಗ ಇಂಥದ್ದೇ ಎಂದು ನಿಶ್ಚಯವಾಗಿದೆ. ಪ್ರತಿ ವರ್ಷ ಆ ತುಣುಕಿನ ಹೊಸ ಫಲಕ ತೆಗೆದು ನಮ್ಮ ಕೈಯಲ್ಲಿ ಅಳೆಯಿಸುತ್ತಾರೆ. ನಮ್ಮ ಅಳತೆಗೂ ನಿಶ್ಚಿತ ಜಾಗಕ್ಕೂ ಇರುವ ವ್ಯತ್ಯಾಸವೇ ನಮ್ಮ ಕಣ್ವಾಲು. ಆ ವ್ಯತ್ಯಾಸವನ್ನು ಪರೀಕ್ಷಕರು ಕಿವಿಯಲ್ಲಿ ಹೇಳುತ್ತಾರೆ, ಗುಟ್ಟು ಉಳಿಯಲೆಂದು ಒಬ್ಬೊಬ್ಬರಿಗೆ ಒಬ್ಬೊಬ್ಬ ಪರೀಕ್ಷಕರು, ನಾವು ನಮ್ಮ ಸಾಧನದ ತಿರುಪನ್ನು ಅಷ್ಟಕ್ಕೆ ತಿರುಗಿಸಿ ಮೇಣದಿಂದ ಮುಚ್ಚುತ್ತೇವೆ. ಅಲ್ಲಿಂದಾಚೆ ನಮ್ಮ ದೋಷ ಕಳೆದ ಅಳತೆ ಮಾತ್ರ ಹೊರಗೆ ಬರುತ್ತದೆ. ತಿದ್ದದ ಅಳತೆಯನ್ನು ಯಾರೂ ಬರೆದಿಡುವುದಿಲ್ಲ. ಸ್ವಂತ ದೋಷವನ್ನು ಜೋಪಾನ ಮಾಡುವುದು ಅಹಂಕಾರವೆಂದು ನಮ್ಮ ನಂಬಿಕೆ. ಇನ್ನೊಬ್ಬರ ಕಣ್ವಾಲು ಎಷ್ಟೆಂದು ಕೇಳುವುದಂತೂ ನಾಚಿಕೆಗೇಡು. ನಿಮ್ಮ ಕಾಲದಲ್ಲಿ ಹೆಂಗಸರ ವಯಸ್ಸು ಕೇಳಿದ ಹಾಗೆ ಎಂದುಕೊಳ್ಳಿ.

ನಮ್ಮ ಮನೆಯವರ ಕಣ್ವಾಲು ದೊಡ್ಡದು. ಅವ್ವ ತೀರಿಕೊಂಡ ಮೇಲೆ ಅವಳ ಸಾಧನವೇ ನನಗೆ ಬಂತು. ಪರೀಕ್ಷೆಯಾಗಿ ಮೇಣ ಬಿಡಿಸಿ ನೋಡಿದರೆ ಅವಳ ತಿರುಪು ನನಗೆ ಹೆಚ್ಚುಕಡಿಮೆ ಸರಿಯಾಗಿಯೇ ನಿಂತಿತ್ತು, ಇನ್ನೂ ಒಂದು ಚೂರು ಅದೇ ದಿಕ್ಕಿಗೆ ತಿರುಗಿಸಬೇಕಾಯಿತು ಅಷ್ಟೇ. ಅವಳು ಬದುಕಿದ್ದಾಗ ಅಡುಗೆಮನೆಯಲ್ಲಿ ಗುಟ್ಟಾಗಿ ಹೇಳುತ್ತಿದ್ದಳು, "ನಮ್ಮ ಮನಿತನದ ಕಣ್ಣ ಹಂಗ ಐತಿ ಬಿಡವಾ, ಏನ್ ಮಾಡೂದೈತಿ." ಆ ದೋಷ ನಿಮ್ಮಿಂದ ಬಂದದ್ದೆಂದು ನಾವು ನಿಮ್ಮನ್ನು ಬೈದುಕೊಂಡದ್ದೂ ಉಂಟು. ತುಂಗಾ ಅಳೆಯುವ ಕೆಲಸ ಬಿಟ್ಟು ಮಂಜುಬಲೆಯ ಕೆಲಸಕ್ಕೆ ಹೋದದ್ದೇ ಈ ನಾಚಿಕೆಗೆ. ಅವಳ ಕಣ್ವಾಲು, ನಾನು ಕೆಲಸಕ್ಕೆ ಸೇರಿದಾಗಿನ ನನ್ನದಕ್ಕಿಂತಲೂ ಹೆಚ್ಚಿತ್ತು.

ಮೂರು ತಿಂಗಳ ಹಿಂದೆ ಬಕಾರಿ ಎಂಬವನು ಹೊಸದಾಗಿ ಸೇರಿದ. ಸೆನೆಗಲ್ ಕಡೆಯ ಕಡಲತೀರದವನು, ಮೂವತ್ತರ ಗಂಡಸು, ಗಟ್ಟಿ ದನಿ, ಮನಸ್ಸಿಗೆ ಬಂದದ್ದನ್ನು ಹಾಗೇ ಆಡುವವನು. ನಮ್ಮ ರೀತಿನೀತಿಗಳನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಪರೀಕ್ಷೆಯಾದ ಮಧ್ಯಾಹ್ನ ಊಟದ ಮೇಜಿನಲ್ಲಿ ಕೂತು, ತನ್ನ ಕಣ್ವಾಲು ಇಷ್ಟು, ಇಂಥ ದಿಕ್ಕಿಗೆ ಎಂದು ಎಲ್ಲರೆದುರು ಹೇಳಿ, ನಿಮ್ಮದೆಷ್ಟು ಎಂದು ನನ್ನನ್ನೇ ಕೇಳಿದ. ಎಲ್ಲರೂ ತಮ್ಮ ತಮ್ಮ ತಟ್ಟೆ ನೋಡತೊಡಗಿದರು. ಅವನು ಹೇಳಿದ್ದು ನನ್ನದೇ ಕಣ್ವಾಲು. ಅಳತೆಯೂ ಅದೇ, ದಿಕ್ಕೂ ಅದೇ. ಕಡಲಾಚೆಯಿಂದ ಬಂದ, ನಮ್ಮ ರಕ್ತದ ಹನಿಯೂ ಇಲ್ಲದ ಮನುಷ್ಯನಿಗೆ ನಮ್ಮ ಮನೆತನದ ದೋಷ ಎಲ್ಲಿಂದ ಬಂತು?

ಮರುದಿನ ನಾನು ಇಲ್ಲಿ ಯಾರೂ ಮಾಡದ ಕೆಲಸ ಮಾಡಿದೆ. ಫಲಕವನ್ನು ಸಾಧನದಲ್ಲಿ ಇಡುವಾಗ ಅದರ ಉತ್ತರದ ಅಂಚು ಮೇಲಕ್ಕೇ ಇರಬೇಕು. ತಪ್ಪಿ ತಿರುಗಿಸದಂತೆ ಚೌಕಟ್ಟಿನಲ್ಲಿ ಒಂದು ಹಿತ್ತಾಳೆಯ ಹಲ್ಲು ಇದೆ. ಆಕಾಶವನ್ನು ತಲೆಕೆಳಗಾಗಿ ಇಟ್ಟರೆ ಕೇಡು ಎಂದು ಲೇಸು ಹೆಣೆಯುವ ಹುಡುಗಿಯರ ಕಾಲದಿಂದ ಬಂದ ಭಯವೂ ಇದೆ. ನಾನು ಅರ ತಂದು ಆ ಹಲ್ಲನ್ನು ಉಜ್ಜಿ ತೆಗೆದೆ, ತಿರುಪಿನ ಮೇಣ ಒಡೆದು ತಿದ್ದುಪಡಿಯನ್ನು ಸೊನ್ನೆಗೆ ತಂದೆ, ಪರೀಕ್ಷೆಯ ಫಲಕವನ್ನು ತಲೆಕೆಳಗಾಗಿ ಇಟ್ಟು ಅಳೆದೆ. ದೋಷ ನನ್ನ ಕಣ್ಣಿನದಾಗಿದ್ದರೆ, ಗಾಜು ತಿರುಗಿದರೂ ಅದು ನನ್ನ ಎಡಕ್ಕೇ ಇರಬೇಕಿತ್ತು. ಹಾಗಾಗಲಿಲ್ಲ. ಗಾಜಿನ ಜೊತೆಗೆ ದೋಷವೂ ತಿರುಗಿ ಬಲಕ್ಕೆ ಬಂತು. ವಾಲಿದ್ದು ನನ್ನ ಕಣ್ಣಲ್ಲ, ಅವ್ವನ ಕಣ್ಣಲ್ಲ, ನಕ್ಷತ್ರಗಳೇ ತಮ್ಮ ಜಾಗದಿಂದ ಸರಿದಿದ್ದವು.

ಆಮೇಲೆ ಪರೀಕ್ಷೆಗೆ ಸೇರದ ಸುತ್ತಲಿನ ಚುಕ್ಕೆಗಳನ್ನೂ ಅಳೆದು, ಸಂಸ್ಥೆಯ ಪಟ್ಟಿಯಲ್ಲಿರುವ ಜಾಗಗಳಿಗೆ ಹೋಲಿಸಿದೆ. ನಡುವೆ ಒಂದು ಖಾಲಿ ಜಾಗವಿದೆ, ಏನೂ ಕಾಣುವುದಿಲ್ಲ. ಅದರ ಎಡಕ್ಕಿರುವ ಚುಕ್ಕೆಗಳು, ಪರೀಕ್ಷೆಯವೂ ಸೇರಿ, ಎಡಕ್ಕೆ ಸರಿದಿವೆ, ಬಲಕ್ಕಿರುವವು ಬಲಕ್ಕೆ, ಮೇಲಿನವು ಮೇಲಕ್ಕೆ. ಕಾಣದ ಭಾರವೊಂದು ಹಿಂದಿನ ಬೆಳಕನ್ನು ಬಾಗಿಸಿದರೆ ಹೀಗಾಗುತ್ತದೆ ಎಂದು ನನಗಿಂತ ಚೆನ್ನಾಗಿ ನಿಮಗೆ ಗೊತ್ತು. ಅದಕ್ಕೆ ಹೆಸರಿಡಲು ನನಗೆ ಬಾಯಿ ಬರುತ್ತಿಲ್ಲ, ಅದು ಎಂದಷ್ಟೇ ಅನ್ನುತ್ತೇನೆ. ಅದು ಇರುವುದು ಧನಿಷ್ಠೆಯ ಬದಿಯಲ್ಲಿ. ಇಲ್ಲಿಯವರ ಕಣ್ಣಿಗೆ ಧನಿಷ್ಠೆಯೆಂದರೆ ನೀರಿನಿಂದ ನೆಗೆಯುವ ಡಾಲ್ಫಿನ್ ಮೀನು. ನೀವು ತಂದ ಮಾತಿನಲ್ಲಿ ಅದು ಸಾವಾದರೆ ಮನೆ ಬಿಡಿಸುವ ನಕ್ಷತ್ರ. ಬಾಗಿಲಿಗೆ ಮುಳ್ಳು ಬಡಿದು ತಿಂಗಳುಗಟ್ಟಲೆ ಬೇರೆ ಕಡೆ ಹೋಗಿ ಇರುತ್ತಿದ್ದರು ಎಂದು ನನ್ನ ಅವ್ವನ ಅವ್ವ ಹೇಳುತ್ತಿದ್ದಳು. ಭೂಮಿಯನ್ನೇ ಬಿಡಬೇಕಾಗಿ ಬಂದರೆ ಎಲ್ಲಿಗೆ ಹೋಗಿ ಇರುವುದು, ಅಜ್ಜಿ?

ನೂರು ವರ್ಷ ನಾವು ಅದನ್ನು ನೋಡುತ್ತಲೇ ಇದ್ದೆವು. ಒಬ್ಬೊಬ್ಬರೂ ಕಂಡೆವು, ಒಬ್ಬೊಬ್ಬರೂ ನಮ್ಮ ಕಣ್ಣಿನ ತಪ್ಪೆಂದು ಒಪ್ಪಿಕೊಂಡು, ನಾಚಿಕೆಪಟ್ಟು, ತಿರುಪು ತಿರುಗಿಸಿ ಅಳಿಸಿದೆವು. ಬೇರೆಯವರಾಗಿದ್ದರೆ ಜಂಬದಿಂದಲಾದರೂ ನನ್ನ ಕಣ್ಣು ಸರಿ ಇದೆ ಎಂದು ಜಗಳ ತೆಗೆಯುತ್ತಿದ್ದರೇನೋ. ನಮಗೆ ಜಗಳ ಕಲಿಸಲಿಲ್ಲ.

ಸಂಸ್ಥೆಯ ಮುಖ್ಯಸ್ಥರು ಗ್ರೆಗ್ವಾರ್ ಲಸಾಲ್ ಎಂಬವರು, ನನಗಿಂತ ಹತ್ತು ವರ್ಷ ಹಿರಿಯರು, ಒಳ್ಳೆಯವರು. ಮೊದಲು ಅವರು ನಕ್ಕು, ಕಣ್ವಾಲು ನೆಗಡಿಯ ಹಾಗೆ ಅಂಟುತ್ತದೆ, ಬಕಾರಿಗೆ ನೀವೇ ಅಂಟಿಸಿರಬೇಕು ಎಂದರು. ನಾನು ಅವರನ್ನು ಕರೆದುಕೊಂಡು ಹೋಗಿ ಸಾಧನದ ಮುಂದೆ ಕೂರಿಸಿದೆ. ನೇರವಾಗಿ ಒಮ್ಮೆ, ತಲೆಕೆಳಗಾಗಿ ಒಮ್ಮೆ ಅವರೇ ಅಳೆದರು. ಮುಗಿದ ಮೇಲೆ ಅವರು ಏಳಲಿಲ್ಲ. ಕಣ್ಣು ಒರೆಸಿಕೊಂಡು, "ಹಳೆಯದೊಂದು ಗಾಜು ಇದ್ದಿದ್ದರೆ, ಸೊಲಾಂಜ್" ಎಂದರು. ಆಮೇಲೆ ಬಹಳ ಹೊತ್ತು ಆ ಮಾತನ್ನೇ ಆಡುತ್ತಿದ್ದರು. ವಿಷಯ ತಿಳಿದಿರುವುದು ನಮ್ಮಿಬ್ಬರಿಗೆ ಮತ್ತು ಬಕಾರಿಗೆ. ಗಟ್ಟಿ ದನಿಯ ಬಕಾರಿ ಈಗ ಪಿಸುಮಾತಿನಲ್ಲಿ ಉಪ್ಪು ಕೇಳುತ್ತಾನೆ.

ಹಳೆಯ ಗಾಜು ಯಾಕೆಂದು ಹೇಳುತ್ತೇನೆ. ಇಂದಿನ ಫಲಕದಿಂದ ಅದು ಇದೆ ಎಂದಷ್ಟೇ ತಿಳಿಯುತ್ತದೆ, ಯಾವ ಕಡೆ ಹೋಗುತ್ತಿದೆ ಎಂದು ತಿಳಿಯುವುದಿಲ್ಲ. ನಿಶ್ಚಿತ ಜಾಗಗಳ ಪಟ್ಟಿಯೂ ನಂಬಿಕೆಗೆ ಉಳಿದಿಲ್ಲ. ಅದನ್ನು ಕಾಡ್ಗಿಚ್ಚಿನ ನಂತರ, ಆಗಲೇ ಬಾಗಿದ್ದ ಆಕಾಶ ನೋಡಿ ಬರೆದರು. ಬಹಳ ಹಿಂದಿನ ಒಂದು ಫಲಕ ಇದ್ದರೆ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಬಹುದು. ಆ ಖಾಲಿ ಜಾಗದ ನಡು ಅಂದಿಗಿಂತ ಇಂದು ಬೇರೆ ಕಡೆಗಿದ್ದರೆ ಅದು ಅಡ್ಡ ಹಾದುಹೋಗುತ್ತಿದೆ, ತನ್ನ ಪಾಡಿಗೆ ತಾನು ಹೋಗಿಬಿಡುತ್ತದೆ. ಅಂದೂ ಇಂದೂ ಒಂದೇ ಕಡೆಗಿದ್ದು ಬಾಗು ಮಾತ್ರ ಬೆಳೆದಿದ್ದರೆ, ನೇರವಾಗಿ ಬರುತ್ತಿದೆ. ಎಷ್ಟು ಬೆಳೆದಿದೆ ಎಂಬುದರಿಂದ ಎಷ್ಟು ಕಾಲ ಉಳಿದಿದೆ ಎಂದೂ ಹೇಳಬಹುದು. ನಾವೇ ಕಾದು ಮತ್ತೆ ಅಳೆಯಬಹುದಲ್ಲ ಎಂದು ನೀವು ಕೇಳಬಹುದು. ವ್ಯತ್ಯಾಸ ಕಾಣುವಷ್ಟು ಕಾಯಲು ಲಸಾಲರ ಲೆಕ್ಕದಲ್ಲಿ ಇಪ್ಪತ್ತು ವರ್ಷ ಬೇಕು. ಅಷ್ಟು ವರ್ಷ ಇದೆಯೋ ಇಲ್ಲವೋ ಎಂಬುದೇ ತುಂಗಾಳ ಪ್ರಶ್ನೆ.

ನಿಮ್ಮ ಯಂತ್ರಗಳಿಗೂ ಅದು ಕಂಡಿರುತ್ತದೆ, ಬಹಳ ಸಣ್ಣದಾಗಿ. ಅವೂ ಸಾಧನದ ದೋಷವೆಂದು ತಿದ್ದಿ ತೆಗೆದುಹಾಕಿರುತ್ತವೆ. ಅವನ್ನು ಎದುರು ಹಾಕಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಹೊಸಬರ ಮಾತನ್ನು ಯಾರೂ ಕೇಳುವುದಿಲ್ಲ, ನಿಮ್ಮನ್ನೂ ಇಲ್ಲದ ಕಷ್ಟಕ್ಕೆ ತಳ್ಳಿದಂತಾಗುತ್ತದೆ. ನಾನು ಬೇಡುವುದು ಒಂದೇ, ಅದು ಕಳ್ಳತನ. ನಿಮ್ಮ ಕಾಲದಲ್ಲಿ ನೆಲಮಾಳಿಗೆಯ ಫಲಕಗಳು ಸುರಕ್ಷಿತವಾಗಿವೆ. ಕಪಾಟುಗಳ ಮೇಲೆ ಆಕಾಶದ ಭಾಗಗಳ ಹೆಸರಿದೆ. ಡಾಲ್ಫಿನ್ ಎಂದಿರುವಲ್ಲಿಂದ ಒಂದು ಫಲಕ ತೆಗೆದುಕೊಳ್ಳಿ, ಎಷ್ಟು ಹಳೆಯದಾದರೆ ಅಷ್ಟು ಒಳ್ಳೆಯದು. ಅದರ ಅಂಚಿನಲ್ಲಿ ತಾರೀಖು ಗೀಚಿರುತ್ತದೆ. ಹೇಗೂ ಬೆಂಕಿಗೆ ಹೋಗುವ ಗಾಜು, ಆದ್ದರಿಂದ ಪಾಪವೆಂದುಕೊಳ್ಳಬೇಡಿ. ಸಿಕ್ಕಿಬಿದ್ದರೆ ಭಾರತದವರಿಗೆ ಹಳೆಯ ಸಾಮಾನು ಬಿಸಾಡಲು ಮನಸ್ಸಾಗುವುದಿಲ್ಲ ಎಂದು ಹೇಳಿಬಿಡಿ, ಅವರು ನಂಬುತ್ತಾರೆ.

ಅದನ್ನು ಕೊಡೆಯ ಬಟ್ಟೆಯಲ್ಲೋ ಹತ್ತಿಯಲ್ಲೋ ಸುತ್ತಿ ಡಬ್ಬಿಯಲ್ಲಿಡಿ. ಹಳೆಯ ಅಡುಗೆಮನೆಯ ಹಿಂಗೋಡೆಯಲ್ಲಿ ಬ್ರೆಡ್ಡು ಸುಡುತ್ತಿದ್ದ ಒಂದು ಕಲ್ಲಿನ ಗೂಡು ಇದೆ. ಕಬ್ಬಿಣದ ಬಾಗಿಲು, ನಿಮ್ಮ ಕಾಲಕ್ಕಾಗಲೇ ಯಾರೂ ಬಳಸುತ್ತಿರುವುದಿಲ್ಲ. ಒಳಗೆ ಕೈ ಹೋಗುವಷ್ಟು ಆಳಕ್ಕೆ ತಳ್ಳಿ ಬಾಗಿಲು ಹಾಕಿ. ಕೆಲವು ವರ್ಷಗಳಲ್ಲಿ ಗೋಡೆ ಬಿರುಕು ಬಿಡುತ್ತದೆ, ಆಗ ಆ ಗೂಡಿನ ಬಾಯಿಗೆ ಇಟ್ಟಿಗೆ ಕಟ್ಟಿಬಿಡುತ್ತಾರೆ. ಮತ್ತೆ ಯಾರೂ ಅದನ್ನು ತೆರೆಯಲಿಲ್ಲ. ಕಾಡ್ಗಿಚ್ಚು ಆ ಕಡೆಗೆ ಬರಲಿಲ್ಲ. ಇಡೀ ಸಂಸ್ಥೆಯಲ್ಲಿ ನಿಮ್ಮ ಕಾಲದಿಂದ ನನ್ನ ಕಾಲದವರೆಗೆ ಯಾರ ಕೈಯೂ ತಾಗದ ಜಾಗ ಅದೊಂದೇ.

ಇಟ್ಟದ್ದನ್ನು ಯಾರಿಗೂ ಹೇಳಬೇಡಿ. ನಿಮ್ಮ ಮಗಳಿಗೂ ಬೇಡ. ಅವಳು ತನ್ನ ಮಗಳಿಗೆ ಹೇಳುತ್ತಾಳೆ, ಅವಳು ಕುತೂಹಲಕ್ಕೆ ಗೋಡೆ ಒಡೆಸುತ್ತಾಳೆ, ಗಾಜು ಸಿಕ್ಕಿತೆಂದು ಎಲ್ಲರೂ ಸೇರಿ ಹಾಡುತ್ತಾ ತೊಳೆದುಬಿಡುತ್ತಾರೆ. ನಮ್ಮ ಜನರನ್ನು ನಾನು ಬಲ್ಲೆ. ನೀವು ಯಾರನ್ನು ಮದುವೆಯಾಗುತ್ತೀರಿ ಎಂದೂ ಬಲ್ಲೆ, ಹೇಳುವುದಿಲ್ಲ. ಕುಳ್ಳ, ಜಗಳಗಂಟ, ಆದರೆ ಕಾಫಿ ಚೆನ್ನಾಗಿ ಮಾಡುತ್ತಾನಂತೆ. ಬೇಡವೆನ್ನಬೇಡಿ, ನಾವೆಲ್ಲ ಅವನಿಂದಲೂ ಆಗಬೇಕಾದವರು.

ಬರೆಯುವುದು ಇಷ್ಟೇ. ಒಂದು ಘಂಟೆಯ ಹಿಂದೆ ಲಸಾಲರು ಗೋಡೆ ಒಡೆಯಲು ಒಪ್ಪಿಗೆ ಕೊಟ್ಟರು. ಬಕಾರಿ ಸುತ್ತಿಗೆ ತಂದುಕೊಟ್ಟು ಹೊರಗೆ ಹೋದ, ನಿಲ್ಲಲು ಧೈರ್ಯವಿಲ್ಲ ಎಂದ. ಈ ಕೊನೆಯ ಸಾಲುಗಳನ್ನು ಅಡುಗೆಮನೆಯಲ್ಲಿ, ಆ ಇಟ್ಟಿಗೆಗಳ ಎದುರಿಗೆ ಕೂತು ಬರೆಯುತ್ತಿದ್ದೇನೆ. ತುಂಗಾ ಪಕ್ಕದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾಳೆ. ಎಲ್ಲವನ್ನೂ ಅವಳಿಗೆ ಹೇಳಿಬಿಟ್ಟೆ. ಅವಳು ಅಳಲಿಲ್ಲ, ಲಗೂ ಒಡಿ ಎಂದಳು.

ನನ್ನ ಕೈ ಬರುತ್ತಿಲ್ಲ. ಹಿಂದೋಲೆಯ ಸಂಗತಿ ಇದು: ನಾನಿನ್ನೂ ಇದನ್ನು ಕಳಿಸಿಲ್ಲ, ಆದರೆ ನೀವು ಇದನ್ನು ಓದಿ, ನಂಬಿ, ಆ ಗಾಜನ್ನು ಇಟ್ಟಿದ್ದರೆ, ಅದು ನಾನು ಹುಟ್ಟುವ ಮೊದಲಿನಿಂದಲೂ ಒಳಗಿದೆ. ನಾನು ಇದೇ ಅಡುಗೆಮನೆಯಲ್ಲಿ ಅಂಬೆಗಾಲಿಟ್ಟಾಗಲೂ ಇತ್ತು, ಈಗಲೂ ಇದೆ. ಇಡದಿದ್ದರೆ ನಾನು ಇನ್ನೇನು ಬರೆದರೂ ಅಲ್ಲಿ ಬೂದಿಯಷ್ಟೇ. ಗೂಡು ಖಾಲಿಯಿದ್ದರೆ ಎಂದೂ ಹೆದರಿಕೆ. ಗಾಜು ಇದ್ದು, ಆ ನಡು ಅಂದೂ ಇಂದೂ ಒಂದೇ ಕಡೆ ಇದ್ದರೆ ಎಂದು ಅದಕ್ಕಿಂತ ಹೆದರಿಕೆ. ಅವ್ವ ಇದ್ದಿದ್ದರೆ ಅವಳ ಸೆರಗು ಹಿಡಿದುಕೊಂಡು ಕೂರುತ್ತಿದ್ದೆ. ಈಗ ನಿಮ್ಮದೇ ಸೆರಗು ಹಿಡಿಯುತ್ತಿದ್ದೇನೆ. ಇನ್ನೂ ಇಪ್ಪತ್ತಾರರ ಹುಡುಗಿ, ಸೆರಗೂ ಹೊದೆಯುವುದಿಲ್ಲವೇನೋ, ಆದರೂ ನಮಗೆ ಹಿರಿಯರು ಎಂದು ಈಗ ಇರುವವರು ನೀವೊಬ್ಬರೇ. ಇಡಿ ಅಜ್ಜಿ, ದಯವಿಟ್ಟು ಇಡಿ.

ತುಂಗಾ ನನ್ನ ಕೈಯಿಂದ ಸುತ್ತಿಗೆ ತೆಗೆದುಕೊಂಡಳು. ಮೊದಲ ಇಟ್ಟಿಗೆ ಅಲುಗಾಡುತ್ತಿದೆ.

ನಿಮ್ಮ,
ಗಿರಿಜೆ